ಕಂಪನಿ ಇಲ್ಲದೆ ಆಲ್ಬಂ ಮೇಲೆ ಆಲ್ಬಂ: ಬಳ್ಳಾರಿಯ ಒಂದು ಕೋಣೆಯಿಂದ ಸಂಗೀತ ಹೊರಗೆ ಹೋಗುವ ದಾರಿ

ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ಕೆಲವು ಕಪ್ಪು ಬಂಡೆಗಳಿವೆ. ಕಲ್ಲಿನಿಂದ ತಟ್ಟಿದರೆ ಗಂಟೆ ಹೊಡೆದ ಹಾಗೆ ಮೊಳಗುತ್ತವೆ. ನವಶಿಲಾಯುಗದ ಜನ ತಟ್ಟಿ ತಟ್ಟಿ ಮಾಡಿದ ಗುಳಿಗಳು ಇವತ್ತಿಗೂ ಕಾಣುತ್ತವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೂ ನಗಾರಿಯಂಥ ದೊಡ್ಡ ಕಲ್ಲೊಂದಿದೆ. ಮಾತಿಲ್ಲದ, ಕಥೆಯಿಲ್ಲದ ಬರೀ ನಾದಕ್ಕೂ ಕಿವಿಗೊಟ್ಟ ಸೀಮೆ ಇದು. ದಯವಿಟ್ಟು ಯಾರೂ ಕಲ್ಲು ಹಿಡಿದು ಅಲ್ಲಿಗೆ ಹೋಗಬೇಡಿ. ಕಲ್ಲು ಕ್ವಾರಿಗಳಿಂದ ಆ ಗುಡ್ಡ ಈಗಾಗಲೇ ಸಾಕಷ್ಟು ಕಳೆದುಕೊಂಡಿದೆ.

ಇಂಥ ನಾದವನ್ನೇ ಮುಖ್ಯ ಮಾಡಿಕೊಂಡ ಸಂಗೀತಕ್ಕೆ ಈಗ ಆಂಬಿಯೆಂಟ್ ಅನ್ನುತ್ತಾರೆ. ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್ ಇದ್ದರೆ ಬಳ್ಳಾರಿಯ ಕೌಲ್ ಬಜಾರಿನ ಒಂದು ಕೋಣೆಯಲ್ಲಿ ಕೂತು ಅದನ್ನು ಮಾಡಬಹುದು. ಯಾವ ಆಡಿಯೊ ಕಂಪನಿಯ ಬಾಗಿಲನ್ನೂ ತಟ್ಟದೆ ವರ್ಷಕ್ಕೆ ಹತ್ತು ಆಲ್ಬಂ ಹೊರತರಬಹುದು. ಹಾಗೆ ಮಾಡುವವರು ಪ್ರಪಂಚದ ಎಲ್ಲಾ ಕಡೆ ಇದ್ದಾರೆ. ಆದರೆ ಸಂಗೀತ ಮಾಡುವುದಕ್ಕೂ ಅದು ಕೇಳುಗರ ಫೋನಿಗೆ ಮುಟ್ಟುವುದಕ್ಕೂ ನಡುವೆ ಹಕ್ಕು, ಕೋಡ್, ಶುಲ್ಕ, ರಾಯಲ್ಟಿ ಅಂತ ಒಂದಷ್ಟು ಗೊಂದಲವಿದೆ. ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ಆಂಬಿಯೆಂಟ್ ಅಂದರೆ ಏನು

1975ರಲ್ಲಿ ಇಂಗ್ಲೆಂಡಿನ ಬ್ರಿಯಾನ್ ಈನೋ ಅನ್ನುವ ಸಂಗೀತಗಾರ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ಗೆಳತಿಯೊಬ್ಬರು ತಂದುಕೊಟ್ಟ, ಹಾರ್ಪ್ ಅನ್ನುವ ತಂತಿವಾದ್ಯದ ಸಂಗೀತದ ತಟ್ಟೆ ತೀರಾ ಸಣ್ಣ ಸದ್ದಿನಲ್ಲಿ ಓಡುತ್ತಿತ್ತು. ಎದ್ದು ವಾಲ್ಯೂಮ್ ಜಾಸ್ತಿ ಮಾಡುವ ಶಕ್ತಿ ಇರಲಿಲ್ಲ. ಹೊರಗೆ ಮಳೆ. ಮಳೆಯ ಸದ್ದೂ ಹಾರ್ಪಿನ ಸ್ವರಗಳೂ ಬೆರೆತು ಕೇಳಿದಾಗ ಸಂಗೀತ ಹೀಗೂ ಇರಬಹುದಲ್ಲ ಅಂತ ಅವರಿಗೆ ಹೊಳೆಯಿತು. 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಮಾಡಿದ ಆಲ್ಬಮ್ಮಿಗೆ ಅವರು ಆಂಬಿಯೆಂಟ್ ಅನ್ನುವ ಹೆಸರು ಕೊಟ್ಟರು. ಗಮನ ಕೊಟ್ಟು ಕೇಳಿದರೆ ಸ್ವಾದ ಇರಬೇಕು, ಗಮನ ಕೊಡದಿದ್ದರೂ ತೊಂದರೆ ಆಗಬಾರದು. ಅವರ ಪ್ರಕಾರ ಆಂಬಿಯೆಂಟ್ ಇಷ್ಟೇ.

ನಮ್ಮ ಕಿವಿಗೆ ಇದು ಅಷ್ಟೇನೂ ಪರಕೀಯವಲ್ಲ. ಭಜನೆ ಶುರುವಾಗುವ ಮೊದಲು ತಂಬೂರಿ ಶ್ರುತಿ ಹಿಡಿದುಕೊಂಡು ಕೂರುವ ಆ ಹತ್ತು ನಿಮಿಷ ನೆನಪಿಸಿಕೊಳ್ಳಿ. ಹಾಡು ಇನ್ನೂ ಬಂದಿಲ್ಲ, ಆದರೆ ಕೋಣೆ ತುಂಬಿದೆ. ತತ್ವಪದದವರ ಏಕತಾರಿ, ಕೀರ್ತನೆಯ ಹಿಂದಿನ ಶ್ರುತಿಪೆಟ್ಟಿಗೆ ಎಲ್ಲವೂ ಒಂದೇ ಸ್ವರವನ್ನು ಬಿಡದೆ ಹಿಡಿಯುತ್ತವೆ. ಆಂಬಿಯೆಂಟಿನವರು ಇದನ್ನು ಡ್ರೋನ್ ಅನ್ನುತ್ತಾರೆ. ಹಾಡಿನ ಹಿಂದೆ ಇರುತ್ತಿದ್ದದ್ದನ್ನು ಅವರು ಮುಂದಕ್ಕೆ ತಂದು ಕೂರಿಸಿದ್ದಾರೆ.

ಇದನ್ನು ಮಾಡುವುದು ಹೇಗೆ? ಒಂದು ಸರಳ ವಿಧಾನವನ್ನು ಹತ್ತಿರದಿಂದ ನೋಡೋಣ. ಮೂರು ತುಣುಕು ರೆಕಾರ್ಡ್ ಮಾಡಿ. ಒಂದರಲ್ಲಿ ಹಾರ್ಮೋನಿಯಂನ ಷಡ್ಜ, ಇನ್ನೊಂದರಲ್ಲಿ ಪಂಚಮ, ಮತ್ತೊಂದರಲ್ಲಿ ಬಾಯಿ ಮುಚ್ಚಿ ಹಾಡಿದ ಒಂದು ಸ್ವರ. ಮೊದಲನೆಯದು 17 ಸೆಕೆಂಡ್, ಎರಡನೆಯದು 19, ಮೂರನೆಯದು 23. ಮೂರನ್ನೂ ಒಟ್ಟಿಗೆ ಶುರು ಮಾಡಿ, ಮುಗಿದ ಕೂಡಲೇ ಮತ್ತೆ ಮೊದಲಿಂದ ಓಡುವಂತೆ ಬಿಡಿ. ಮೂರೂ ಮತ್ತೆ ಒಂದೇ ಕ್ಷಣದಲ್ಲಿ ಶುರುವಾಗುವುದು 17×19×23, ಅಂದರೆ 7,429 ಸೆಕೆಂಡ್ ಆದಮೇಲೆ. ಅಂದರೆ 2 ಗಂಟೆ 3 ನಿಮಿಷ 49 ಸೆಕೆಂಡ್. ಅಲ್ಲಿಯತನಕ ಅವೇ ಮೂರು ತುಣುಕುಗಳು ಬೇರೆ ಬೇರೆ ರೀತಿಯಲ್ಲಿ ಒಂದರ ಮೇಲೊಂದು ಬೀಳುತ್ತಾ ಹೋಗುತ್ತವೆ. ಅದೇ ಉದ್ದಗಳು 10, 20, 30 ಸೆಕೆಂಡ್ ಇದ್ದಿದ್ದರೆ ಪ್ರತಿ ನಿಮಿಷಕ್ಕೂ ಅದೇ ಅದೇ ಕೇಳಿ ಬೇಜಾರಾಗುತ್ತಿತ್ತು. ಈನೋ ಅವರ ಟೇಪ್ ಲೂಪುಗಳ, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕುಗಳ, ಹಿಂದಿದ್ದ ಗುಟ್ಟೂ ಇದೇ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. ಅದರಲ್ಲೇ ಪಾಲ್‌ಸ್ಟ್ರೆಚ್ ಅಂತ ಒಂದು ಸೌಲಭ್ಯವಿದೆ. ಒಂದು ಗೆಜ್ಜೆಯ ಸದ್ದನ್ನು ಹತ್ತು ನಿಮಿಷದ ಅಲೆಯಾಗಿ ಎಳೆದುಕೊಡುತ್ತದೆ.

ಊರಿನ ಸದ್ದುಗಳನ್ನೂ ಸೇರಿಸಬಹುದು. ತುಂಗಭದ್ರಾ ಕಾಲುವೆಯ ತೂಬಿನಿಂದ ನೀರು ಹಾರುವ ಸದ್ದು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಗುಂಯ್‌ಗುಡುವಿಕೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಸಾಲಾಗಿ ಓಡುವ ಹೊಲಿಗೆ ಮಷಿನ್‌ಗಳು, ಅದಿರು ಹೊತ್ತ ಗೂಡ್ಸ್ ರೈಲು. ಇವುಗಳನ್ನು ಬೇರೆ ಊರಿನವರು ಕೂತಲ್ಲೇ ಮಾಡಲಾರರು. ಫೋನಿನಲ್ಲಿ ರೆಕಾರ್ಡ್ ಮಾಡುವಾಗ ನಾಯ್ಸ್ ಸಪ್ರೆಷನ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿ. ಅದು ಮಾತನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಲು ನೋಡುತ್ತದೆ, ನಮಗೆ ಬೇಕಾಗಿರುವುದು ಆ ಮಿಕ್ಕಿದ್ದೇ. ಗಾಳಿ ಹೊಡೆಯದಂತೆ ಮೈಕಿಗೆ ಸ್ಪಂಜು ಬೇಕು. ಮನೆಯೊಳಗೆ ರೆಕಾರ್ಡ್ ಮಾಡುವವರಿಗೆ ನಮ್ಮ ಬೇಸಿಗೆಯೇ ದೊಡ್ಡ ಸವಾಲು. 40 ಡಿಗ್ರಿ ದಾಟಿದ ಮೇಲೆ ಫ್ಯಾನು, ಕೂಲರ್ ಆರಿಸಿ ಕೂರುವುದು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಹಾಡುವ ಕೆಲಸವೆಲ್ಲ ಬೆಳಗಿನ ಜಾವ, ಎಡಿಟಿಂಗ್ ಮಧ್ಯಾಹ್ನ.

ಹಕ್ಕು ಯಾರದು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಭಾಗ. ಕ್ಯಾಸೆಟ್ ಕಾಲದಲ್ಲಿ ನಮ್ಮ ಭಾಗದ ಎಷ್ಟೋ ಜನ ಜನಪದ, ತತ್ವಪದ, ಭಜನೆ ಹಾಡಿದರು. ಒಂದು ದಿನದ ರೆಕಾರ್ಡಿಂಗಿಗೆ ಒಂದಿಷ್ಟು ದುಡ್ಡು ಕೈಗೆ ಬಂತು, ಹಕ್ಕು ಅಲ್ಲಿಗೇ ಹೋಯಿತು. ಆ ಹಾಡುಗಳು ಈಗ ಯೂಟ್ಯೂಬಿನಲ್ಲಿ ಓಡುತ್ತಿವೆ, ಹಾಡಿದವರ ಹೆಸರು ಕೆಲವು ಕಡೆ ತಪ್ಪಾಗಿದೆ, ಕೆಲವು ಕಡೆ ಇಲ್ಲವೇ ಇಲ್ಲ. ಬಳ್ಳಾರಿ ಜಿಲ್ಲೆಯ ದರೋಜಿಯ ಬುರ್ರಕಥಾ ಈರಮ್ಮನವರು ಹನ್ನೆರಡು ಜನಪದ ಮಹಾಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅಕ್ಷರಕ್ಕೆ ಇಳಿಸಿದರೆ ಸಾವಿರಾರು ಪುಟ. 2014ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ಉಳಿಯಿತು, ನಾಡೋಜ ಗೌರವವೂ ಸಿಕ್ಕಿತು. ಅಷ್ಟೇ ಹಾಡಿದ ಇನ್ನೆಷ್ಟೋ ಜನರ ಹೆಸರು ಉಳಿಯಲಿಲ್ಲ. ಸ್ವಂತವಾಗಿ ಬಿಡುಗಡೆ ಮಾಡುವುದರ ದೊಡ್ಡ ಲಾಭ ದುಡ್ಡಲ್ಲ. ಹಕ್ಕೂ ಹೆಸರೂ ಮಾಡಿದವರ ಬಳಿಯೇ ಇರುತ್ತವೆ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ ಬರೆದವರಿಗೆ ಒಂದು. ರಾಗ ಸಂಯೋಜನೆ ಮಾಡಿದವರಿಗೆ ಇನ್ನೊಂದು. ಧ್ವನಿಮುದ್ರಣಕ್ಕೆ ಮತ್ತೊಂದು, ಅದು ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ ನಿರ್ಮಾಪಕರದ್ದು. ಹಾಡಿದವರಿಗೂ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ. ನೀವೇ ಬರೆದು, ನೀವೇ ರಾಗ ಹಾಕಿ, ನೀವೇ ಹಾಡಿ, ನಿಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದರೆ ಎಲ್ಲವೂ ನಿಮ್ಮದೇ. ಇದಕ್ಕೆ ನೋಂದಣಿ ಕಡ್ಡಾಯವಲ್ಲ, ಕೃತಿ ಆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಗೆಳೆಯ ತಬಲಾ ನುಡಿಸಿದರೆ, ಅಕ್ಕ ಒಂದು ಚರಣ ಹಾಡಿದರೆ, ಪಾಲು ಎಷ್ಟು ಅಂತ ಆವತ್ತೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಂಬಂಧ ಚೆನ್ನಾಗಿದ್ದಾಗಲೇ ಬರೆಯಬೇಕು.

ಹಳೆಯ ಪದಗಳನ್ನು ಹಾಡುವವರಿಗೆ ಒಂದು ಮಾತು. ರಾಯಚೂರು ಸೀಮೆಯ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರ ಪದಗಳ ಸಾಹಿತ್ಯ ಎಲ್ಲರದ್ದು, ಯಾರ ಅನುಮತಿಯೂ ಬೇಡ. ಆದರೆ ಅದಕ್ಕೆ ಈಚಿನವರೊಬ್ಬರು ಕೂರಿಸಿದ ಧಾಟಿ ಅವರದ್ದು, ಆ ರೆಕಾರ್ಡಿಂಗ್ ಕಂಪನಿಯದ್ದು. ನಿಮ್ಮದೇ ಧಾಟಿ ಹಾಕಿಕೊಳ್ಳಿ. ಆಧುನಿಕ ಕವಿಗಳ ಕವಿತೆ ಬೇರೆ ಲೆಕ್ಕ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಹಾಗಾಗಿ 2041ರ ಕೊನೆಯವರೆಗೆ ಅವರ ಕವಿತೆಗೆ ರಾಗ ಹಾಕಿ ಬಿಡುಗಡೆ ಮಾಡಬೇಕಾದರೆ ಹಕ್ಕುದಾರರನ್ನು ಕೇಳಲೇಬೇಕು.

ಸ್ಟ್ರೀಮಿಂಗಿಗೆ ಹೋಗುವ ದಾರಿ

ಇಂಟರ್ನೆಟ್ ಮೂಲಕ ಹಾಡು ಕೇಳಿಸುವ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ನಂಥ ಕಡೆ ಕಲಾವಿದರು ನೇರವಾಗಿ ಹಾಡು ಹಾಕಲು ಆಗುವುದಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ, ರೂಟ್‌ನೋಟ್ ಇವೆಲ್ಲ ಅವೇ. ನೀವು 16 ಬಿಟ್ ಅಥವಾ 24 ಬಿಟ್‌ನ ವೇವ್ ಫೈಲು, ಮುಖಚಿತ್ರ, ಹೆಸರುಗಳನ್ನು ಕೊಡುತ್ತೀರಿ. ಅವರು ಎಲ್ಲಾ ಕಡೆ ಹಂಚುತ್ತಾರೆ, ಬಂದ ದುಡ್ಡನ್ನು ನಿಮಗೆ ಕಳಿಸುತ್ತಾರೆ.

ಶುಲ್ಕದ ರೀತಿ ಒಬ್ಬೊಬ್ಬರದ್ದು ಒಂದೊಂದು. ಜಾಸ್ತಿ ಬಿಡುಗಡೆ ಮಾಡುವವರು ಇಲ್ಲಿ ನಿಂತು ಯೋಚಿಸಬೇಕು. ಡಿಸ್ಟ್ರೋಕಿಡ್‌ನಂಥವರಿಗೆ ವರ್ಷಕ್ಕೊಮ್ಮೆ ಕಟ್ಟಿದರೆ ಎಷ್ಟು ಬೇಕಾದರೂ ಹಾಕಬಹುದು. ಹತ್ತು ಆಲ್ಬಂ ತರುವವರಿಗೆ ಇದೇ ಅಗ್ಗ ಅನ್ನಿಸುತ್ತದೆ. ಆದರೆ ಒಂದು ವರ್ಷ ಕಟ್ಟದೆ ಬಿಟ್ಟರೆ ಎಲ್ಲಾ ಆಲ್ಬಂಗಳೂ ಒಟ್ಟಿಗೆ ಕೆಳಗೆ ಇಳಿಯಬಹುದು. ಕಟ್ಟುವುದು ನಿಲ್ಲಿಸಿದ ಮೇಲೂ ಹಾಡು ಉಳಿಯಬೇಕಾದರೆ ಪ್ರತಿ ಬಿಡುಗಡೆಗೂ ಬೇರೆ ದುಡ್ಡು. ಸಿಡಿ ಬೇಬಿಯಲ್ಲಿ ಪ್ರತಿ ಬಿಡುಗಡೆಗೆ ಶುಲ್ಕ ಒಮ್ಮೆ ಮಾತ್ರ, ಆದರೆ ಬಂದದ್ದರಲ್ಲೂ ಅವರಿಗೊಂದು ಪಾಲು ಇದೆ. ರೂಟ್‌ನೋಟ್‌ನಲ್ಲಿ ಏನೂ ಕಟ್ಟದೆ ಬಂದದ್ದರಲ್ಲಿ ಶೇ. 15 ಬಿಟ್ಟುಕೊಡುವ ದಾರಿ ಇದೆ. ಆಂಬಿಯೆಂಟಿನಿಂದ ಬರುವ ದುಡ್ಡು ಮೊದಮೊದಲು ತೀರಾ ಕಡಿಮೆ. ಅದಕ್ಕೇ ಶುರು ಮಾಡುವವರಿಗೆ ಪಾಲು ಕೊಡುವ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ದುಡಿಮೆ ಇಲ್ಲದ ವರ್ಷ ಅದು ನಿಮ್ಮ ಜೇಬಿಗೆ ಕೈ ಹಾಕುವುದಿಲ್ಲ.

ಪ್ರತಿ ಟ್ರ್ಯಾಕಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಇದನ್ನು ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ಕೋಡ್ ಕೊಟ್ಟರೆ ಹಳೆಯ ಕೇಳುವಿಕೆಯ ಲೆಕ್ಕ ಮುಂದುವರಿಯುತ್ತದೆ. ಹೊಸ ಕೋಡ್ ಬಿದ್ದರೆ ಮತ್ತೆ ಸೊನ್ನೆಯಿಂದ.

ಈಗ ದುಡ್ಡಿನ ಲೆಕ್ಕ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಎರಡು ನಿಮಿಷದ ಹಾಡಿಗೂ ಇಪ್ಪತ್ತು ನಿಮಿಷದ ಆಂಬಿಯೆಂಟಿಗೂ ಅಷ್ಟೇ. ಎಷ್ಟೋ ಆಂಬಿಯೆಂಟ್ ಆಲ್ಬಂಗಳಲ್ಲಿ ಒಂದು ಉದ್ದನೆಯ ಅಲೆಯನ್ನು ಮೂರು ಮೂರು ನಿಮಿಷದ ತುಂಡು ಮಾಡಿರುತ್ತಾರೆ. ಕಾರಣ ಇದು. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಟ್ರ್ಯಾಕಿಗೆ ಅಲ್ಲಿಂದ ಧ್ವನಿಮುದ್ರಣದ ರಾಯಲ್ಟಿ ಇಲ್ಲ. ಇದು ಕಡಿಮೆ ಹಾಡು ಇರುವವರಿಗಿಂತ ಜಾಸ್ತಿ ಇರುವವರಿಗೆ ದೊಡ್ಡ ಪೆಟ್ಟು. ಒಬ್ಬರ ಹತ್ತಿರ 200 ಟ್ರ್ಯಾಕ್ ಇವೆ, ಒಂದೊಂದನ್ನೂ ವರ್ಷಕ್ಕೆ 300 ಸಲ ಕೇಳಿದ್ದಾರೆ ಅಂದುಕೊಳ್ಳಿ. ಒಟ್ಟು 60,000 ಸ್ಟ್ರೀಮ್. ಕೈಗೆ ಬರುವುದು ಸೊನ್ನೆ. ಅದೇ 60,000 ಸ್ಟ್ರೀಮ್ ಒಂದೇ ಹಾಡಿಗೆ ಬಂದಿದ್ದರೆ ಪೂರ್ತಿ ಲೆಕ್ಕಕ್ಕೆ ಬರುತ್ತಿತ್ತು. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಆದರೆ ನಿಯಮ ಇರುವುದು ಹೀಗೆ, ಗೊತ್ತಿದ್ದೇ ಇಳಿಯಬೇಕು. ಬರೀ ಮಳೆ ಸದ್ದು, ಬರೀ ಫ್ಯಾನ್ ಸದ್ದಿನಂಥ ಟ್ರ್ಯಾಕುಗಳು ರಾಯಲ್ಟಿಗೆ ಕನಿಷ್ಠ ಎರಡು ನಿಮಿಷ ಇರಬೇಕು, ಅವಕ್ಕೆ ಸಂಗೀತಕ್ಕಿಂತ ಕಡಿಮೆ ಬೆಲೆ.

ಅದಕ್ಕೇ ಜಾಸ್ತಿ ಸಂಗೀತ ಮಾಡುವವರಿಗೆ ಸ್ಟ್ರೀಮಿಂಗ್ ಒಂದೇ ಸಾಲದು. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪಿನಲ್ಲಿ ಕೇಳುಗರು ಆಲ್ಬಂ ಕೊಳ್ಳುತ್ತಾರೆ. ಬೆಲೆ ನೀವೇ ಇಡಬಹುದು, ಕೊಳ್ಳುವವರ ಇಷ್ಟಕ್ಕೂ ಬಿಡಬಹುದು. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ. 15, ಮಾರಾಟ 5,000 ಡಾಲರ್ ಮುಟ್ಟಿದ ಮೇಲೆ ಶೇ. 10. ಪಾವತಿಯ ಖರ್ಚು ಬೇರೆ. 2020ರ ಮಾರ್ಚಿನಿಂದ ಕೆಲವು ಶುಕ್ರವಾರಗಳಂದು ತಮ್ಮ ಪಾಲನ್ನೇ ಬಿಟ್ಟುಕೊಡುವ ರೂಢಿಯೂ ಇದೆ. ನಮ್ಮ ವಿಷಯಕ್ಕೆ ಇಲ್ಲಿ ಒಂದು ಅನುಕೂಲವಿದೆ. ನಿಮ್ಮ ಎಲ್ಲಾ ಆಲ್ಬಂಗಳನ್ನು ಒಟ್ಟಿಗೆ ರಿಯಾಯಿತಿ ಬೆಲೆಗೆ ಮಾರಬಹುದು. ನಲವತ್ತು ಆಲ್ಬಂ ಇರುವುದು ಸ್ಟ್ರೀಮಿಂಗಿನಲ್ಲಿ ಭಾರ, ಇಲ್ಲಿ ಅದೇ ಬಂಡವಾಳ.

ತೊಡಕು ಒಂದಿದೆ. ಹಣ ಬರುವುದು ಪೇಪಾಲ್ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದಿಂದ ಬರುವ ಹಣ ಮಾತ್ರ ಪಡೆಯಬಹುದು. ಊರಿನ ಕೇಳುಗರಿಗೆ ಬೇರೆ ದಾರಿಯೇ ಸುಲಭ. ಯುಪಿಐ ಮೂಲಕ ದುಡ್ಡು ಹಾಕಿದವರಿಗೆ ಫೈಲುಗಳ ಲಿಂಕ್ ಕಳಿಸಿದರೆ ಆಯಿತು. ಕಾರ್ಯಕ್ರಮ ಮುಗಿದ ಮೇಲೆ ಕ್ಯೂಆರ್ ಕೋಡ್ ಇರುವ ಒಂದು ಕಾರ್ಡು ಕೈಗಿಟ್ಟರೂ ಸಾಕು.

ಇನ್ನೊಂದು ದುಡ್ಡು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಡಿಸ್ಟ್ರಿಬ್ಯೂಟರ್ ತಂದುಕೊಡುವುದು ಧ್ವನಿಮುದ್ರಣದ ಪಾಲು ಮಾತ್ರ. ಸಾಹಿತ್ಯ ಮತ್ತು ರಾಗ ಸಂಯೋಜನೆಯ ರಾಯಲ್ಟಿ ಬೇರೆ ಕಡೆಯಿಂದ ಬರುತ್ತದೆ. ಅದನ್ನು ಸಂಗ್ರಹಿಸುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ಸದಸ್ಯರಾಗಿ ಪ್ರತಿ ಕೃತಿಯನ್ನೂ ಅಲ್ಲಿ ದಾಖಲಿಸಬೇಕು. ದಾಖಲಿಸದ ಕೃತಿಯ ಪಾಲು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ಸದ್ದು ಬೇರೆಯವರ ವಿಡಿಯೊದಲ್ಲಿ ಇದೆಯಾ ಅಂತ ತಾನೇ ಹುಡುಕುವ ಯೂಟ್ಯೂಬಿನ ಕಂಟೆಂಟ್ ಐಡಿ ವಿಷಯದಲ್ಲಿ ಹುಷಾರು. ಉಚಿತವಾಗಿ ಸಿಕ್ಕ ಹಕ್ಕಿ ಸದ್ದು, ರೆಡಿಮೇಡ್ ಲೂಪ್ ಬಳಸಿದ ಟ್ರ್ಯಾಕನ್ನು ಅದರಲ್ಲಿ ನೋಂದಾಯಿಸಬೇಡಿ. ಅದೇ ಸದ್ದು ಬಳಸಿದ ಬೇರೆಯವರ ವಿಡಿಯೊ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ದೂರು ಬೀಳುತ್ತದೆ.

ಹೆಸರು ಮತ್ತು ಲೆಕ್ಕದ ಪುಸ್ತಕ

ದಾಸರು ಪದದ ಕೊನೆಗೆ ಅಂಕಿತ ಹಾಕುತ್ತಿದ್ದರು. ಪದ ಯಾವ ಊರಿಗೆ ಹೋದರೂ ವಿಜಯವಿಠಲ ಅಂದ ಕೂಡಲೇ ಯಾರದು ಅಂತ ತಿಳಿಯುತ್ತಿತ್ತು. ಡಿಜಿಟಲ್ ಫೈಲಿಗೆ ಆ ಕೆಲಸ ಮಾಡುವುದು ಮೆಟಾಡೇಟಾ. ಕಲಾವಿದರು, ಬರೆದವರು, ನುಡಿಸಿದವರು, ವರ್ಷ, ಭಾಷೆ ಎಲ್ಲ ಅದರಲ್ಲಿರುತ್ತದೆ. ಆದರೆ ಅಕ್ಷರ ಸ್ವಲ್ಪ ತಪ್ಪಿದರೂ ಯಂತ್ರಕ್ಕೆ ನೀವು ಬೇರೆ ಮನುಷ್ಯ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಊರಿನ ಹೆಸರನ್ನು ಕಲಾವಿದರ ಹೆಸರಿಗೆ ಸೇರಿಸಿಕೊಂಡವರು ಒಂದು ಆಲ್ಬಮ್ಮಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಬರೆದರೆ ಎರಡು ಪ್ರೊಫೈಲ್ ಆಗಿ ಕೇಳುಗರು ಹಂಚಿಹೋಗುತ್ತಾರೆ. ಒಂದು ಕಾಗುಣಿತ ಹಿಡಿದು ಕೊನೆಯತನಕ ಅದನ್ನೇ ಬಳಸಿ. ಹಾಡಿನ ಹೆಸರು ಕನ್ನಡ ಲಿಪಿಯಲ್ಲೇ ಇರಲಿ, ಭಾಷೆಯ ಕಡೆ ಕನ್ನಡ ಅಂತಲೇ ಆರಿಸಿ.

ಐದಾರು ಹಾಡು ಇದ್ದಾಗ ಎಲ್ಲವೂ ತಲೆಯಲ್ಲಿರುತ್ತದೆ. ಐವತ್ತು ದಾಟಿದ ಮೇಲೆ ಪುಸ್ತಕ ಬೇಕು. ಎಕ್ಸೆಲ್ ಆದರೂ ಸರಿ, ಉದ್ದನೆಯ ರಿಜಿಸ್ಟರ್ ಆದರೂ ಸರಿ. ಒಂದು ಸಾಲು ಹೀಗಿರುತ್ತದೆ: ಸಂಖ್ಯೆ ಬ-014, ಹೆಸರು ತೂಬು, ಬೆಳಗಿನ ಜಾವ, ಉದ್ದ 11 ನಿಮಿಷ 40 ಸೆಕೆಂಡ್, ಶ್ರುತಿ ಕಪ್ಪು ಒಂದು, ನೀರಿನ ಸದ್ದು ನಮ್ಮದೇ ರೆಕಾರ್ಡಿಂಗ್, ಹಾರ್ಮೋನಿಯಂ ಸ್ವಂತ, ಪಾಲು ಪೂರ್ತಿ ಸ್ವಂತ, ಐಎಸ್‌ಆರ್‌ಸಿ ಇಷ್ಟು, ಐಪಿಆರ್‌ಎಸ್‌ನಲ್ಲಿ ದಾಖಲಾಗಿದೆ, ಮೂಲ ಫೈಲು ಎರಡನೇ ಹಾರ್ಡ್‌ಡಿಸ್ಕ್. ಬರೆಯಲು ಐದು ನಿಮಿಷ. ಬರೆಯದಿದ್ದರೆ ಮೂರು ವರ್ಷದ ನಂತರ ಆ ತಬಲಾ ಯಾರು ನುಡಿಸಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ.

ಈ ಪುಸ್ತಕಕ್ಕೆ ಈಗ ಇನ್ನೊಂದು ಉಪಯೋಗವೂ ಬಂದಿದೆ. ಎಐ ಬಳಸಿ ರಾಶಿ ರಾಶಿ ಟ್ರ್ಯಾಕ್ ಸುರಿಯುವವರು ಹೆಚ್ಚಿದ್ದಾರೆ. ಒಂದು ವರ್ಷದಲ್ಲಿ 7.5 ಕೋಟಿಗೂ ಹೆಚ್ಚು ಸ್ಪ್ಯಾಮ್ ಟ್ರ್ಯಾಕುಗಳನ್ನು ತೆಗೆದುಹಾಕಿರುವುದಾಗಿ ಸ್ಪಾಟಿಫೈ 2025ರ ಸೆಪ್ಟೆಂಬರಿನಲ್ಲಿ ಹೇಳಿತು. ತಿಂಗಳಿಗೊಂದು ಆಲ್ಬಂ ಹಾಕುವ ನಿಜವಾದ ಸಂಗೀತಗಾರರ ಮೇಲೂ ಅನುಮಾನ ಬರಬಹುದು. ಪ್ರಾಜೆಕ್ಟ್ ಫೈಲು, ಕಚ್ಚಾ ರೆಕಾರ್ಡಿಂಗ್, ದಿನಾಂಕ ಇದ್ದರೆ ಇದು ನನ್ನ ಕೈಕೆಲಸ ಅಂತ ತೋರಿಸಬಹುದು. ದುಡ್ಡು ಕೊಟ್ಟು ಸ್ಟ್ರೀಮ್ ಕೊಳ್ಳುವ ದಾರಿಯ ಹತ್ತಿರಕ್ಕೂ ಹೋಗಬೇಡಿ, ಖಾತೆಯೇ ಹೋಗುತ್ತದೆ.

ಇಷ್ಟೊಂದು ಮಾಡಬೇಕಾ, ಒಂದೇ ಚೆನ್ನಾಗಿ ಮಾಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಹಾಡಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸರಿ. ಒಂದು ಪಲ್ಲವಿಯನ್ನು ತಿಂಗಳುಗಟ್ಟಲೆ ತಿದ್ದುವುದರಲ್ಲಿ ಅರ್ಥವಿದೆ. ಆಂಬಿಯೆಂಟ್ ಹಾಗಲ್ಲ. ಅದು ಆ ದಿನದ, ಆ ಜಾಗದ ದಾಖಲೆಯೂ ಹೌದು. ಕಾಲುವೆಗೆ ನೀರು ಬಿಟ್ಟ ವಾರದ ತೂಬು ಬೇರೆ, ನೀರು ನಿಲ್ಲಿಸುವ ಮುಂಚಿನ ತೂಬು ಬೇರೆ. ಹಾಗಂತ ಮಾಡಿದ್ದೆಲ್ಲ ಸುಮ್ನೆ ಹೊರಗೆ ಹಾಕುವುದೂ ಅಲ್ಲ. ಮುಗಿಸಿದ ಟ್ರ್ಯಾಕನ್ನು ಒಂದೆರಡು ವಾರ ಮುಟ್ಟದೆ ಇಡಿ. ಆಮೇಲೆ ಬೇರೆ ಕೆಲಸ ಮಾಡುತ್ತಾ ಸಣ್ಣ ಸದ್ದಿನಲ್ಲಿ ಹಾಕಿ. ಕಿರಿಕಿರಿ ಆಗದೆ, ಆಗಾಗ ಕಿವಿ ಅತ್ತ ಹೋದರೆ ಅದು ಹೊರಗೆ ಹೋಗಲು ತಯಾರು. ಬಿಡುಗಡೆಯ ದಿನಾಂಕವನ್ನು ಕನಿಷ್ಠ ಎರಡು ಮೂರು ವಾರ ಮುಂದಕ್ಕಿಡಿ. ಸ್ಪಾಟಿಫೈನ ಪ್ಲೇಲಿಸ್ಟ್ ತಂಡಕ್ಕೆ ಹಾಡು ಕಳಿಸಲು, ಅನುಸರಿಸುವವರಿಗೆ ಹೊಸ ಹಾಡು ತೋರಿಸುವ ರಿಲೀಸ್ ರೇಡಾರ್ ಪಟ್ಟಿಯಲ್ಲಿ ನೀವು ಆರಿಸಿದ ಹಾಡೇ ಬರಲು ಏಳು ದಿನವಾದರೂ ಮೊದಲು ಸಲ್ಲಿಸಿರಬೇಕು.

ಉಳಿದದ್ದು ಜೋಪಾನದ ಮಾತು. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ವೇವ್ ಫೈಲು ಒಂದು ಗಂಟೆಗೆ ಸುಮಾರು 635 ಎಂಬಿ. ವರ್ಷಕ್ಕೆ ಹತ್ತು ಗಂಟೆ ಸಂಗೀತ ಅಂದರೂ ಅಂತಿಮ ಫೈಲುಗಳಿಗೆ ಏಳು ಜಿಬಿ ಸಾಕು, ಕಚ್ಚಾ ರೆಕಾರ್ಡಿಂಗ್ ಅದರ ಹಲವು ಪಟ್ಟು. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಗೆಳೆಯನ ಮನೆಯಲ್ಲೋ. ಎಲ್ಲರಿಗೂ ಉಚಿತವಾಗಿ ಕೊಡಲು ಮನಸ್ಸಿರುವುದನ್ನು ಇಂಟರ್ನೆಟ್ ಆರ್ಕೈವಿಗೆ ಏರಿಸಬಹುದು. ನಿಮ್ಮ ಸಾಹಿತ್ಯ ಮತ್ತು ರಾಗ ಸಂಯೋಜನೆಯ ಮೇಲಿನ ಹಕ್ಕು ನಿಮ್ಮ ನಂತರವೂ 60 ವರ್ಷ ಇರುತ್ತದೆ, ಅದು ಮನೆಯವರಿಗೆ ಹೋಗುತ್ತದೆ. ಹಾಗಾಗಿ ರಿಜಿಸ್ಟರಿನ ಮೊದಲ ಪುಟದಲ್ಲಿ ಡಿಸ್ಟ್ರಿಬ್ಯೂಟರ್, ಬ್ಯಾಂಡ್‌ಕ್ಯಾಂಪ್, ಐಪಿಆರ್‌ಎಸ್ ಖಾತೆಗಳು ಯಾವ ಇಮೇಲಿನಲ್ಲಿವೆ, ಶುಲ್ಕ ಯಾವ ತಿಂಗಳು ಕಟ್ಟಬೇಕು, ಹಾರ್ಡ್‌ಡಿಸ್ಕ್ ಯಾರ ಮನೆಯಲ್ಲಿದೆ ಅಂತ ಬರೆದಿಡಿ. ಆ ಪುಟ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ತೋರಿಸಿರಿ.